ಪಡುವಣ ಮೋಡವೂ ನಮ್ಮ ಗಾದೆಗಳೂ



ಸಾಮಾನ್ಯ ಕಾಲದ 29ನೇ ವಾರದ ಶುಕ್ರವಾರ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಬಹಳ ಚಿಕ್ಕದು, ಲೂಕ 12:54ರಿಂದ 59ರವರೆಗೆ. ಕೆಲಸದ ದಿನ ಬರುವುದರಿಂದ ನಮ್ಮಲ್ಲಿ ಅದನ್ನು ಕೇಳಿದವರು ಕಡಿಮೆ. ಪಶ್ಚಿಮದಲ್ಲಿ ಮೋಡ ಎದ್ದರೆ ಮಳೆ ಬರುತ್ತದೆ ಎಂದು ಜನ ಹೇಳುತ್ತಾರೆ, ಹಾಗೆಯೇ ಆಗುತ್ತದೆ. ದಕ್ಷಿಣದ ಗಾಳಿ ಬೀಸಿದರೆ ಸೆಕೆ ಎನ್ನುತ್ತಾರೆ, ಅದೂ ನಿಜವಾಗುತ್ತದೆ. ಇಷ್ಟೆಲ್ಲ ಬಲ್ಲವರಿಗೆ ಈಗ ನಡೆಯುತ್ತಿರುವ ಕಾಲ ಯಾಕೆ ಗುರುತು ಸಿಗುವುದಿಲ್ಲ ಎಂದು ಪ್ರಭು ಯೇಸು ಕೇಳುತ್ತಾರೆ. ಅದರ ಬೆನ್ನಿಗೇ, 57ನೇ ವಚನದಲ್ಲಿ, ಇನ್ನೊಂದು ಪ್ರಶ್ನೆ ಇಡುತ್ತಾರೆ: ಯಾವುದು ಸರಿ ಎಂದು ನೀವೇ ಯಾಕೆ ತೀರ್ಮಾನ ಮಾಡುವುದಿಲ್ಲ?

ಈ ಪ್ರಶ್ನೆಯನ್ನು ನಾವು ಯುವಜನರ ಕೂಟದಲ್ಲಿ ಓದಿದೆವು. ಮೋಡದ ಮಾತು ಆ ನಾಡಿನ ಗಾದೆಯಂತಿದ್ದ ಮಾತು. ಅಲ್ಲಿ ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ಮರುಭೂಮಿ. ಆದ್ದರಿಂದ ಅದು ಅಲ್ಲಿ ಸರಿ. ಯೇಸುಸ್ವಾಮಿ ಅದನ್ನು ಸುಳ್ಳು ಅನ್ನಲಿಲ್ಲ, ಹಾಗೇ ಆಗುತ್ತದೆ ಎಂದು ಒಪ್ಪಿಕೊಂಡರು. ಅವರಿಗೆ ಬೇಸರ ತಂದದ್ದು ಬೇರೆ. ಜನರ ಬಾಯಲ್ಲಿ ಸಿದ್ಧವಾದ ಮಾತು ಇತ್ತು, ಕಣ್ಣಿನ ಮುಂದೆ ಇದ್ದದ್ದನ್ನು ನೋಡುವ ಮನಸ್ಸು ಇರಲಿಲ್ಲ.

ಆ ದಿನ ಕೂಟದಲ್ಲಿ ಒಂದು ಸಣ್ಣ ಕೆಲಸ ಮಾಡಿದೆವು. ಕಳೆದ ಒಂದು ವರ್ಷದಲ್ಲಿ ನೀವು ಏನಾದರೂ ಮುಖ್ಯ ನಿರ್ಧಾರ ಮಾಡಬೇಕಾದಾಗ ಮನೆಯಲ್ಲಿ ಏನು ಹೇಳಿದರು, ಬರೆಯಿರಿ ಎಂದೆವು. ಬಂದ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಾದೆಗಳೇ. ಶಿಕ್ಷಣ ಸಾಲ ತೆಗೆಯಬೇಕೆಂದ ಹುಡುಗಿಗೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಪುಣೆಗೆ ಕೆಲಸಕ್ಕೆ ಹೋಗುತ್ತೇನೆ ಎಂದವನಿಗೆ ‘ದೂರದ ಬೆಟ್ಟ ನುಣ್ಣಗೆ’. ಅವನ ಸೋದರಮಾವ ಅದೇ ವಾರ ಫೋನು ಮಾಡಿ ‘ದೇಶ ಸುತ್ತಬೇಕು, ಕೋಶ ಓದಬೇಕು’ ಅಂದರಂತೆ! ನಮ್ಮದು ಎರಡು ಮೂರು ಭಾಷೆಯ ಧರ್ಮಪ್ರಾಂತ್ಯವಾದ್ದರಿಂದ ಗಾದೆಗಳೂ ಜೋಡಿಯಾಗಿ ಬರುತ್ತವೆ. ಮನೆಯಲ್ಲಿ ಅವ್ವ ಹಾಸಿಗೆಯ ಮಾತು ಹೇಳಿದರೆ, ಓಣಿಯಲ್ಲಿ ಮರಾಠಿ ಕಾಕೂ ‘ಅಂಥರೂಣ ಪಾಹೂನ ಪಾಯ ಪಸರಾವೇ’ ಅನ್ನುತ್ತಾರೆ. ಎಲ್ಲರ ಮನೆ ದೋಸೆ ತೂತು ಅಂತ ನಾವು, ‘ಘರೋಘರೀ ಮಾತೀಚ್ಯಾ ಚುಲೀ’ ಅಂತ ಅವರು. ಎರಡು ಭಾಷೆಯಲ್ಲಿ ಒಂದೇ ಮಾತು ಕೇಳಿದಾಗ ಅದು ದೇವರ ಆಜ್ಞೆಯಷ್ಟೇ ಗಟ್ಟಿ ಅನ್ನಿಸುತ್ತದೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಗಾದೆ ಬೇರೆ ಕಾವಲಿಗೆ ನಿಂತಿದೆ. ಗಾದೆ ಸುಳ್ಳಾಗದು ಎಂದು ಹೇಳುವುದೂ ಗಾದೆಯೇ ಎಂಬುದನ್ನು ಗಮನಿಸಿ. ತನ್ನ ಪರ ತಾನೇ ಸಾಕ್ಷಿ.

ಗಾದೆ ಹೇಳಿದ ಕೂಡಲೇ ಮಾತು ಮುಗಿಯುತ್ತದೆ, ಹುಡುಗಿ ಸುಮ್ಮನಾಗುತ್ತಾಳೆ. ಸಾಲ ಎಷ್ಟು, ಬಡ್ಡಿ ಎಷ್ಟು, ಓದಿದ ಮೇಲೆ ಸಂಬಳ ಎಷ್ಟು ಬರಬಹುದು, ತೀರಿಸಲು ಎಷ್ಟು ವರ್ಷ ಬೇಕು ಎಂದು ಯಾರೂ ಕಾಗದ ಪೆನ್ನು ಹಿಡಿದು ಕೂರುವುದಿಲ್ಲ. ಲೆಕ್ಕ ಹಾಕಿದ ಮೇಲೆ ಸಾಲ ಬೇಡ ಎಂದೇ ತೀರ್ಮಾನವಾಗಬಹುದು. ಆಗ ಅದು ತೀರ್ಮಾನ.

ನಮ್ಮ ಸಾಂಗ್ಲಿ ಮತ್ತು ಮಿರಜಿಗೆ ಈ ಪಾಠ ಕೃಷ್ಣೆ ಕಲಿಸಿದ್ದಾಳೆ. ಪಡುವಣ ಮೋಡದ ಮಾತು ನಮ್ಮ ಊರಿಗೆ ಹೇಗೆ ಹೊಂದುತ್ತದೆ ನೋಡಿ. ಸಾಂಗ್ಲಿಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೂ ಹೆಚ್ಚು. ಕೊಯ್ನಾ ನದಿ ಕರಾಡದಲ್ಲಿ ಬಂದು ಸೇರುತ್ತದೆ, ವಾರಣಾ ನಮ್ಮ ಹರಿಪುರದ ಹತ್ತಿರ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆ ಏರಬಹುದು. ಅಂಗಳದಲ್ಲಿ ನಿಂತು ಆಕಾಶ ನೋಡುವ ಜಾಣತನ ಇಲ್ಲಿ ಅರ್ಧ ಜಾಣತನ. ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಕೇಳಿದವನಿಗೆ ಉಳಿದ ಅರ್ಧ ಸಿಗುತ್ತದೆ.

1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆಯ ಹತ್ತಿರ ನೀರಿನ ಮಟ್ಟ ಅಳೆಯುತ್ತಾರೆ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. 2005ರ ಮಹಾಪೂರದಲ್ಲಿ 53 ಅಡಿಯ ಮೇಲೆ ಹೋಗಿತ್ತು. ಆ ನೀರು ಮುಟ್ಟಿದ ಗುರುತು ಅನೇಕ ಮನೆಗಳ ಗೋಡೆಯ ಮೇಲೆ ಉಳಿಯಿತು, ಅದಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಉಳಿಯಿತು. ಹದಿನಾಲ್ಕು ವರ್ಷದಲ್ಲಿ ಆ ಗುರುತೇ ಒಂದು ನಾಣ್ನುಡಿಯಾಯಿತು: ‘ಎರಡು ಸಾವಿರದ ಐದರಾಗ ಬರದ ನೀರು ಈಗೆಲ್ಲಿಂದ ಬರತೈತಿ?’ 2019ರ ಆಗಸ್ಟಿನ ಮೊದಲ ವಾರದಲ್ಲಿ ಈ ಮಾತನ್ನು ನಂಬಿ ಎಷ್ಟೋ ಜನ ಸಾಮಾನನ್ನು ಅಟ್ಟಕ್ಕೆ ಏರಿಸಿ ಮನೆಯಲ್ಲೇ ಉಳಿದರು. ನೀರು 57 ಅಡಿ ದಾಟಿತು. ಬೇಗ ಬಿಡಬೇಕಾಗಿದ್ದ ಮನೆಯನ್ನು ಕೊನೆಗೆ ಮಾಳಿಗೆಯಿಂದ ದೋಣಿಗೆ ಇಳಿದು ಬಿಡುವಂತಾಯಿತು. ಆಗಸ್ಟ್ 8ರಂದು ಪಲೂಸ್ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹಲವರು, ಅವರಲ್ಲಿ ಹೆಂಗಸರು ಮಕ್ಕಳು, ಪ್ರಾಣ ಕಳೆದುಕೊಂಡರು. ಅವರ ಆತ್ಮಗಳಿಗೆ ಪ್ರಭು ಚಿರಶಾಂತಿಯನ್ನು ನೀಡಲಿ.

ನಮ್ಮ ಹಿರಿಯರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. 2005ನ್ನು ಕಣ್ಣಾರೆ ಕಂಡವರು ಅವರು, ಅವರ ಸಾಕ್ಷಿ ದೊಡ್ಡದು. ಆದರೆ ಅವರ ಸಾಕ್ಷಿ ಹೇಳಿದ್ದು ‘ಹೊಳೆ ಇಷ್ಟು ಏರಬಲ್ಲದು’ ಎಂದು. ನಾವು ಅದನ್ನು ‘ಹೊಳೆ ಇಷ್ಟೇ ಏರಬಲ್ಲದು’ ಎಂದು ಕೇಳಿಸಿಕೊಂಡೆವು. ಒಂದು ಅಕ್ಷರ ಬದಲಾಯಿತು. ಈಗ ಕೆಲವರ ಬಾಯಲ್ಲಿ 2019ರ ಗುರುತೇ ಹೊಸ ಗಾದೆಯಾಗುತ್ತಿದೆ. 2021ರ ಜುಲೈಯಲ್ಲಿ ನೀರು ಮತ್ತೆ ಅಪಾಯದ ಮಟ್ಟ ದಾಟಿದಾಗ ‘ಹೋದ ಸಲದಷ್ಟು ಬರಂಗಿಲ್ಲ’ ಎಂಬ ಮಾತನ್ನು ನಾವೂ ಕೇಳಿದೆವು. ಆ ಸಲ ಅಷ್ಟು ಬರಲಿಲ್ಲ ನಿಜ. ಗಾದೆ ಒಮ್ಮೆ ಸರಿಹೋದದ್ದರಿಂದಲೇ ಮುಂದಿನ ಸಲಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. (ಹೊಳೆ ಏರಿದಾಗಲೆಲ್ಲ ಕೇಳುವ ಇನ್ನೊಂದು ಸಿದ್ಧ ಮಾತು ‘ಎಲ್ಲ ಆಲಮಟ್ಟಿಯಿಂದ’ ಎಂಬುದು. ಕನ್ನಡ ಮಾತಾಡುವ ನಮ್ಮನ್ನು ನೋಡಿ ಅದನ್ನು ಹೇಳುವಾಗ ನಾವೇ ಗೇಟು ಮುಚ್ಚಿ ಬಂದಂತೆ ಇರುತ್ತದೆ! ಅದಿರಲಿ.)

ಬಿ.ಎಸ್ಸಿ. ಓದುವಾಗ ಬಾಯ್ಲ್ ನಿಯಮ ಕಲಿತೆವು: ಅನಿಲದ ಮೇಲೆ ಒತ್ತಡ ಹೆಚ್ಚಿದಷ್ಟು ಅದರ ಗಾತ್ರ ಕುಗ್ಗುತ್ತದೆ. ಪರೀಕ್ಷೆಯಲ್ಲಿ ಇಷ್ಟೇ ಬರೆದರೆ ಅಂಕ ಕಡಿತ. ‘ತಾಪಮಾನ ಬದಲಾಗದಿದ್ದರೆ’ ಎಂದು ಸೇರಿಸಲೇಬೇಕು. ಗಾದೆಗಳಿಗೂ ಮೊದಲು ಇಂಥ ಒಂದು ‘ಇದ್ದರೆ’ ಇದ್ದಿರಬೇಕು. ಬಾಯಿಂದ ಬಾಯಿಗೆ ಬರುವಾಗ ಪ್ರಾಸ ಉಳಿಯಿತು, ‘ಇದ್ದರೆ’ ಸವೆದು ಹೋಯಿತು. ಆದ್ದರಿಂದಲೇ ‘ನಿಧಾನವೇ ಪ್ರಧಾನ’ ಮತ್ತು ‘ಆಲಸ್ಯಂ ಅಮೃತಂ ವಿಷಂ’ ಎರಡೂ ಒಂದೇ ಮನೆಯಲ್ಲಿ ಜಗಳವಾಡದೆ ಬಾಳುತ್ತಿವೆ.

ಪವಿತ್ರ ಬೈಬಲ್ ಈ ಸವೆದ ‘ಇದ್ದರೆ’ಯನ್ನು ನಮಗೆ ನೆನಪಿಸುತ್ತದೆ. ಜ್ಞಾನೋಕ್ತಿಗಳ ಗ್ರಂಥದ 26ನೇ ಅಧ್ಯಾಯದ 4 ಮತ್ತು 5ನೇ ವಚನಗಳನ್ನು ಮನೆಯಲ್ಲಿ ತೆಗೆದು ನೋಡಿ. ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ ಒಂದು. ಕೊಡು ಎನ್ನುತ್ತದೆ ಮುಂದಿನದು. ನಡುವೆ ಒಂದು ಪುಟದ ಅಂತರವೂ ಇಲ್ಲ. ಇಂಥ ವಿರೋಧಗಳಿಂದಾಗಿ ಈ ಗ್ರಂಥವನ್ನೇ ಬದಿಗಿಡಬೇಕೇ ಎಂದು ಹಿಂದೆ ಯೆಹೂದ್ಯ ಪಂಡಿತರು ಯೋಚಿಸಿದ್ದರೆಂದು ಅವರ ತಾಲ್ಮುದ್ ಗ್ರಂಥ ದಾಖಲಿಸುತ್ತದೆ. ಇಡಲಿಲ್ಲ. ಒಂದು ವಚನ ಒಂದು ಸಂದರ್ಭಕ್ಕೆ, ಇನ್ನೊಂದು ಇನ್ನೊಂದಕ್ಕೆ ಎಂದು ತಿಳಿದುಕೊಂಡರು. ಎರಡನ್ನೂ ಅಕ್ಕಪಕ್ಕ ಇಟ್ಟವರು ಓದುಗನ ಮೇಲೆ ಒಂದು ಕೆಲಸ ಬಿಟ್ಟಿದ್ದಾರೆ: ಎದುರಿಗೆ ಇರುವ ಮನುಷ್ಯ ಯಾರು ಎಂದು ನೋಡಿ ಆರಿಸು.

ಇನ್ನೊಂದು ಕಡೆ ದೇವರು ಒಂದು ಗಾದೆಯನ್ನು ನಿಷೇಧಿಸಿಯೇ ಬಿಡುತ್ತಾರೆ. ಹೆತ್ತವರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತವೆ ಎಂಬ ಮಾತು ಇಸ್ರಯೇಲಿನಲ್ಲಿ ಮನೆಮಾತಾಗಿತ್ತು. ಬಾಬಿಲೋನಿನ ಸೆರೆಯಲ್ಲಿದ್ದವರಿಗೆ ಅದು ಸಮಾಧಾನವೂ ಆಗಿತ್ತು: ತಪ್ಪು ಅಪ್ಪಂದಿರದ್ದು, ನಾವು ಅನುಭವಿಸುತ್ತಿದ್ದೇವೆ ಅಷ್ಟೇ. ಪ್ರವಾದಿ ಯೆಜೆಕಿಯೇಲರ ಮೂಲಕ (18:2–3) ಸರ್ವೇಶ್ವರ ಈ ಗಾದೆ ಇನ್ನು ನಿಮ್ಮ ನಾಡಿನಲ್ಲಿ ನಡೆಯದು ಎಂದು ಆಣೆಯಿಟ್ಟು ಹೇಳುತ್ತಾರೆ. ಪ್ರತಿಯೊಬ್ಬರ ಪ್ರಾಣವೂ ತನ್ನದು, ಮಗ ಅಪ್ಪನ ಪಾಪ ಹೊರಬೇಕಿಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗಲೂ (ಯೊವಾನ್ನ 9) ಪ್ರಭು ಎರಡನ್ನೂ ತಳ್ಳಿಹಾಕಿದರು.

ನಮ್ಮಲ್ಲಿ ಅದೇ ಗಾದೆ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ಬೇರೆ ಬಟ್ಟೆ ತೊಟ್ಟು ಓಡಾಡುತ್ತಿದೆ. ಸಂಬಂಧ ನೋಡುವ ದಿನಗಳಲ್ಲಿ ಇದರ ಹೊಡೆತ ಎಂಥದೆಂದು ಮದುವೆ ವಯಸ್ಸಿಗೆ ಬಂದ ಹುಡುಗಿಯರಿಗೆ ಗೊತ್ತು. ತಾಯಿ ಗಂಡನ ಮನೆ ಬಿಟ್ಟು ಬಂದಿದ್ದರೆ ಮಗಳನ್ನು ನೋಡುವ ಮೊದಲೇ ತೀರ್ಪು ಸಿದ್ಧ. ಕುಡಿಯುವ ಅಪ್ಪನ ಮಗನಿಗೂ ಅದೇ. ಇಲ್ಲಿ ವಿಜ್ಞಾನ ಓದಿದವರು ಒಂದು ಮಾತು ಒಪ್ಪಬೇಕು, ಕುಡಿತದ ಚಟಕ್ಕೆ ಒಂದಿಷ್ಟು ವಂಶದ ಪಾಲು ಇದೆ. ಅದನ್ನು ತಿಳಿದ ಹುಡುಗ ಮೊದಲ ಗ್ಲಾಸಿನಿಂದಲೇ ದೂರ ಇರಲಿ, ಅದು ವಿವೇಕ. ಅದನ್ನು ತಿಳಿದ ನಾವು ಆ ಹುಡುಗನನ್ನು ದೂರ ಇಟ್ಟರೆ ದೇವರು ನಿಷೇಧಿಸಿದ ಗಾದೆಯನ್ನು ಬಳಸಿದ ಹಾಗೆ. ತಾಸಗಾಂವ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ, ಅವರನ್ನು ಕೇಳಿ. ಡಾಗ್‌ರಿಜ್ ಎಂಬ ಕಾಡು ಜಾತಿಯ ಬೇರಿನ ಮೇಲೆ ಥಾಮ್ಸನ್ ಕಣ್ಣು ಕಸಿ ಕಟ್ಟುತ್ತಾರೆ. ಬೇರು ಬರ ತಡೆಯುತ್ತದೆ, ಹಣ್ಣು ಥಾಮ್ಸನ್ನಿನದೇ. ಬೇರಿನ ಹೆಸರು ಕೇಳಿ ಯಾವ ವ್ಯಾಪಾರಿಯೂ ದ್ರಾಕ್ಷಿಯ ಬೆಲೆ ಇಳಿಸುವುದಿಲ್ಲ.

ಈಗ ಮಿರಜಿನ ವಿಷಯ. ನಮ್ಮ ಯುವಜನರಲ್ಲಿ ಕೆಲವರು ರಜೆಯ ದಿನ ಇಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡ ರೋಗಿಗಳಿಗೆ ಮರಾಠಿಯಲ್ಲಿ ಮಾತಾಡಿಕೊಡುವ ಸೇವೆ ಮಾಡುತ್ತಾರೆ. ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದ ಈ ಊರು ಎರಡೂ ರಾಜ್ಯದ ಬಡವರಿಗೆ ಆಸ್ಪತ್ರೆಯ ಊರು. ಇವತ್ತಿಗೂ ಕುಡಚಿ, ರಾಯಬಾಗ, ಘಟಪ್ರಭಾ ಕಡೆಯಿಂದ ರೈಲಿನಲ್ಲಿ, ಅಥಣಿ ಕಡೆಯಿಂದ ಬಸ್ಸಿನಲ್ಲಿ, ಜತ್ತದ ಹಳ್ಳಿಗಳಿಂದ ಸಿಕ್ಕ ಗಾಡಿಯಲ್ಲಿ ಜನ ಬರುತ್ತಾರೆ. ‘ಇಷ್ಟು ದಿನ ಯಾಕೆ ತಡ ಮಾಡಿದ್ರಿ?’ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದ್ದನ್ನು ನಾವು ಕನ್ನಡದಲ್ಲಿ ಕೇಳುತ್ತೇವೆ. ‘ತಾಳಿದವನು ಬಾಳಿಯಾನು ಅಂತ ತಡಕೊಂಡ್ವಿರಿ’ ಎಂಬ ಉತ್ತರವನ್ನು ಮರಾಠಿಗೆ ಹೇಗೆ ತರುವುದೆಂದು ತಿಳಿಯದೆ ಒದ್ದಾಡುತ್ತೇವೆ. ಎದೆನೋವನ್ನು ಗ್ಯಾಸ್ ಎಂದು ಎರಡು ರಾತ್ರಿ ತಡೆದುಕೊಂಡವರು, ಕೆಮ್ಮನ್ನು ಎರಡು ತಿಂಗಳು ತಡೆದುಕೊಂಡವರು ಇದ್ದಾರೆ. ಎರಡು ವಾರ ಮೀರಿ ಕೆಮ್ಮು ನಿಲ್ಲದಿದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು ಎಂಬುದು ಸರ್ಕಾರದ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ಹಣ ಬೇಡ.

ತಾಳ್ಮೆ ಪವಿತ್ರಾತ್ಮರ ಫಲಗಳಲ್ಲಿ ಒಂದು, ಗಲಾತ್ಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಅದನ್ನು ಎಣಿಸುತ್ತಾರೆ. ಔಷಧಿಯ ಆರು ತಿಂಗಳು ಒಂದು ದಿನ ತಪ್ಪದೆ ಗುಳಿಗೆ ನುಂಗುವುದಕ್ಕೆ ಆ ತಾಳ್ಮೆ ಬೇಕು. ಆಸ್ಪತ್ರೆಗೆ ಹೊರಡದೆ ಇರುವುದಕ್ಕೆ ಅದೇ ಹೆಸರನ್ನು ಇಡಬಾರದು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದನ್ನೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಹೇಳುವವರನ್ನು ಕಂಡಿದ್ದೇವೆ. ಮನೆಯಲ್ಲಿ ಊಟದ ಮುಂದೆ ಹೇಳಿದರೆ ಒಳ್ಳೆಯ ಸಲಹೆ. ಕ್ಯಾನ್ಸರ್ ಆದವನ ಮುಂದೆ ಅದೇ ಮಾತು ‘ನಿನ್ನ ತಪ್ಪಿನಿಂದ ನಿನಗೆ ಬಂತು’ ಎಂಬ ಆರೋಪ.

ಯೋಬನ ಗೆಳೆಯರು ಮಾಡಿದ್ದೂ ಇದನ್ನೇ. ಎಲೀಫಜ, ಬಿಲ್ದದ, ಚೋಫರ ಮೂವರೂ ಕೆಟ್ಟವರಲ್ಲ. ದೂರದಿಂದ ಬಂದರು, ಏಳು ದಿನ ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ಎಂಟನೆಯ ದಿನ ಬಾಯಿ ತೆರೆದರು. ಹಿಂದಿನ ತಲೆಮಾರಿನವರನ್ನು ಕೇಳು, ಅವರು ಕಂಡುಕೊಂಡದ್ದನ್ನು ಗಮನಿಸು ಎಂದು ಬಿಲ್ದದ ಹೇಳಿದ (8:8). ಅವರ ಮಾತು ಬಿಡಿಬಿಡಿಯಾಗಿ ನೋಡಿದರೆ ತಪ್ಪಲ್ಲ, ಬಿತ್ತಿದ್ದನ್ನೇ ಬೆಳೆಯುತ್ತೇವೆ ಎಂಬಂಥ ಮಾತುಗಳು. ಆದರೆ ಎದುರಿಗೆ ಕುಳಿತ ಈ ಮನುಷ್ಯನ ವಿಷಯದಲ್ಲಿ ಅವು ಸುಳ್ಳು. ನಿಮ್ಮ ನಾಣ್ನುಡಿಗಳು ಬೂದಿಯಂಥವು ಎಂದು ಯೋಬ ನೊಂದು ಹೇಳುತ್ತಾನೆ (13:12). ಗ್ರಂಥದ ಕೊನೆಗೆ ಸರ್ವೇಶ್ವರ ಕೋಪಿಸಿಕೊಂಡದ್ದು ದೇವರೊಂದಿಗೆ ವಾದ ಮಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ಗಾದೆ ಹೇಳಿದ ಗೆಳೆಯರ ಮೇಲೆ (42:7).

ಇನ್ನೊಂದು ಗಾದೆಯ ಬಗ್ಗೆ ಬರೆಯದೆ ಇದ್ದರೆ ಇಷ್ಟು ಬರೆದೂ ಉಪಯೋಗವಿಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.’ ಹೊಸದಾಗಿ ಮದುವೆಯಾದವರು ಉಪ್ಪು ಹೆಚ್ಚಾಯಿತೆಂದು ಮುನಿಸಿಕೊಂಡಾಗ ಈ ಮಾತು ಚೆಂದ. ನಕ್ಕು ಸುಮ್ಮನಾಗಬಹುದು. ಆದರೆ ಕೆನ್ನೆಯ ಮೇಲೆ ಬೆರಳಿನ ಗುರುತು ಹೊತ್ತು ತವರಿಗೆ ಬಂದ ಮಗಳಿಗೂ ಇದೇ ಮಾತು ಹೇಳಿ, ಒಂದು ಸೀರೆ ಉಡಿಸಿ, ಸಂಜೆಯ ಬಸ್ಸಿಗೆ ಹತ್ತಿಸಿ ಕಳಿಸುವ ಮನೆಗಳಿವೆ. ಎಲ್ಲ ಸಮಾಜಗಳಲ್ಲೂ ಇವೆ, ನಮ್ಮಲ್ಲೂ ಇವೆ. ಕ್ರೈಸ್ತ ಕುಟುಂಬದಲ್ಲಿ ಇನ್ನೂ ಒಂದು ಭಾರ ಹೆಚ್ಚು: ವಿವಾಹ ಸಂಸ್ಕಾರ, ದೇವರು ಕೂಡಿಸಿದ್ದು, ಸಹಿಸಿಕೋ ಎಂಬ ಮಾತು ಗಾದೆಯ ಜೊತೆ ಸೇರಿಕೊಳ್ಳುತ್ತದೆ.

ಧರ್ಮಸಭೆ ಹಾಗೆ ಹೇಳುವುದಿಲ್ಲ. ಧರ್ಮಸಭೆಯ ಕಾನೂನಿನ 1153ನೇ ವಿಧಿಯ ಪ್ರಕಾರ ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ. ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತ್ಸಿಯಾ’ದಲ್ಲಿ (241) ದೌರ್ಜನ್ಯದಿಂದ ದುರ್ಬಲರನ್ನೂ ಎಳೆಯ ಮಕ್ಕಳನ್ನೂ ಕಾಪಾಡಬೇಕಾದಾಗ ಬೇರೆ ಇರುವುದು ನೈತಿಕವಾಗಿಯೂ ಅಗತ್ಯವಾಗಬಹುದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಬೇರೆ ಇರುವುದು ಸಂಸ್ಕಾರವನ್ನು ತಿರಸ್ಕರಿಸಿದಂತೆ ಅಲ್ಲ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ, ತುರ್ತಿಗೆ 112 ಇದೆ. ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಈ ಸಂಖ್ಯೆಗಳನ್ನು ಬೇರೆ ಯಾರದೋ ಹೆಸರಿನಲ್ಲಾದರೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಪ್ಪಂದಿರಿಗೂ ಅಣ್ಣಂದಿರಿಗೂ ನಮ್ಮ ವಿನಂತಿ ಇಷ್ಟೇ, ಮಗಳು ಬಾಗಿಲಲ್ಲಿ ನಿಂತಾಗ ಮೊದಲು ಅವಳ ಮುಖ ನೋಡಿ. ನೀರು ಕೊಡಿ. ಏನಾಯಿತು ಅಂತ ಕೇಳಿ. ಗಾದೆ ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಗಾದೆಗಳನ್ನು ಬಿಟ್ಟುಬಿಡುವುದೇ? ಕೂಟದಲ್ಲಿ ಒಬ್ಬ ಹುಡುಗ ಹಾಗೇ ಹೇಳಿದ, ಹಳೆಯದನ್ನೆಲ್ಲ ಬಿಟ್ಟು ಗೂಗಲ್ ಕೇಳೋಣ ಅಂತ. ಗೂಗಲ್ಲಿನಲ್ಲೂ ಇರುವುದು ಬೇರೆಯವರ ಸಿದ್ಧ ಮಾತುಗಳೇ ತಾನೇ, ಪ್ರಾಸ ಇಲ್ಲ ಅಷ್ಟೇ. ಯೇಸುಸ್ವಾಮಿ ತಮ್ಮ ಜನರ ಗಾದೆಗಳಲ್ಲೇ ಬೆಳೆದವರು. ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ವೈದ್ಯನು ಮೊದಲು ತನ್ನನ್ನೇ ವಾಸಿಮಾಡಿಕೊಳ್ಳಲಿ ಎಂಬ ಗಾದೆಯನ್ನು ಅವರೇ ಎತ್ತಿದರು (ಲೂಕ 4:23), ನೀವು ಇದನ್ನು ನನಗೆ ಹೇಳುತ್ತೀರಿ, ಗೊತ್ತು ಎಂಬಂತೆ. ಸಮಾರಿಯದ ಬಾವಿಯ ಹತ್ತಿರ ಇನ್ನೂ ಸೊಗಸು (ಯೊವಾನ್ನ 4:35–37). ಸುಗ್ಗಿಗೆ ಇನ್ನೂ ನಾಲ್ಕು ತಿಂಗಳಿದೆ ಎಂಬ ವಾಡಿಕೆಯ ಮಾತನ್ನು ನೆನಪಿಸಿ, ಕಣ್ಣೆತ್ತಿ ಹೊಲ ನೋಡಿರಿ, ಈಗಾಗಲೇ ಕೊಯ್ಲಿಗೆ ಬಂದಿದೆ ಎಂದರು. ಆಗ ಊರಿನಿಂದ ಸಮಾರಿಯದವರು ಗುಂಪಾಗಿ ಬರುತ್ತಿದ್ದರು. ಎರಡೇ ವಚನ ದಾಟಿದ ಮೇಲೆ, ಒಬ್ಬ ಬಿತ್ತುತ್ತಾನೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಇನ್ನೊಂದು ಗಾದೆಯನ್ನು ಹೇಳಿ ಇದು ಇಲ್ಲಿ ನಿಜ ಎಂದರು. ಒಂದೇ ಉಸಿರಿನಲ್ಲಿ ಒಂದು ಗಾದೆಯನ್ನು ಪಕ್ಕಕ್ಕೆ ಸರಿಸಿದರು, ಒಂದನ್ನು ಒಪ್ಪಿದರು. ಎರಡರ ನಡುವೆ ಅವರು ಮಾಡಿದ ಕೆಲಸ ಕಣ್ಣೆತ್ತಿ ನೋಡಿದ್ದು.

ಈ ನೋಡುವ ಕೆಲಸಕ್ಕೆ ನಮ್ಮ ಧರ್ಮೋಪದೇಶದಲ್ಲಿ ವಿವೇಕ ಎಂದು ಹೆಸರು. ಕಥೋಲಿಕ ಧರ್ಮೋಪದೇಶ ಗ್ರಂಥ (1806) ವಿವೇಕವನ್ನು ಸದ್ಗುಣಗಳ ಸಾರಥಿ ಎಂದು ಕರೆಯುತ್ತದೆ, ಅಂಜುಬುರುಕತನವನ್ನು ವಿವೇಕ ಎಂದು ತಿಳಿಯಬಾರದು ಎಂದೂ ಹೇಳುತ್ತದೆ. ಸಂತ ತೋಮಸ್ ಅಕ್ವಿನಾಸರು ವಿವೇಕಕ್ಕೆ ಬೇಕಾದ ಅಂಶಗಳಲ್ಲಿ ಅನುಭವದ ನೆನಪನ್ನೂ ಹಿರಿಯರಿಂದ ಕಲಿಯುವ ವಿಧೇಯತೆಯನ್ನೂ ಸೇರಿಸಿದ್ದಾರೆ. ಗಾದೆಗೆ ಅಲ್ಲಿ ಗೌರವದ ಸ್ಥಾನವಿದೆ. ಆದರೆ ಅದೇ ಪಟ್ಟಿಯಲ್ಲಿ ಸುತ್ತಲಿನ ಸಂದರ್ಭವನ್ನು ಗಮನಿಸುವುದೂ ಇದೆ. ಪ್ರೀತಿ ತೋರಿಸುವುದು ಒಳ್ಳೆಯದೇ, ಆದರೆ ಎದುರಿನವನಿಗೆ ಅದು ಮುಖಸ್ತುತಿಯಂತೆ ಕಂಡರೆ ಆ ಹೊತ್ತಿಗೆ ತಕ್ಕದ್ದಲ್ಲ ಎಂದು ಅವರೇ ಉದಾಹರಣೆ ಕೊಡುತ್ತಾರೆ. ಇನ್ನೊಂದು ಕಡೆ, ಇಟ್ಟುಕೊಂಡ ವಸ್ತುವನ್ನು ಕೇಳಿದಾಗ ಹಿಂದಿರುಗಿಸಬೇಕು ಎಂಬ ನಿಯಮವನ್ನು ತೆಗೆದುಕೊಂಡು, ಕೇಳುವವನು ಅದರಿಂದ ನಾಡಿನ ವಿರುದ್ಧ ಯುದ್ಧ ಮಾಡಲು ಹೊರಟಿದ್ದರೆ ಕೊಡುವುದು ತಪ್ಪು ಎನ್ನುತ್ತಾರೆ. ಸಾಮಾನ್ಯ ನಿಯಮ ವಿವರಗಳಿಗೆ ಇಳಿದಷ್ಟೂ ಎಡವುವ ಸಾಧ್ಯತೆ ಹೆಚ್ಚು. ದಿನನಿತ್ಯದ ನಿರ್ಧಾರಗಳೆಲ್ಲ ವಿವರಗಳೇ. ಈ ಸಾಲ, ಈ ಕೆಮ್ಮು, ಈ ವರ್ಷದ ಹೊಳೆ, ಈ ಮಗಳು.

ಲೂಕನ ಶುಭಸಂದೇಶದ ಆ ಭಾಗ ಮೋಡದ ಮಾತಿಗೇ ನಿಲ್ಲುವುದಿಲ್ಲ. ಎದುರಾಳಿಯೊಂದಿಗೆ ನ್ಯಾಯಾಧೀಶನ ಬಳಿಗೆ ಹೋಗುವಾಗ ದಾರಿಯಲ್ಲೇ ರಾಜಿಯಾಗಲು ಪ್ರಯತ್ನಿಸು ಎಂದು ಮುಂದುವರಿಯುತ್ತದೆ. ಯಾಕೆಂದರೆ ತೀರ್ಮಾನಿಸಲು ಸಿಗುವುದು ದಾರಿಯಷ್ಟು ಹೊತ್ತು ಮಾತ್ರ. ನೀರು 40 ಅಡಿಯಿಂದ 45ಕ್ಕೆ ಏರುವಷ್ಟು ಹೊತ್ತು.

ಮಳೆಗಾಲಕ್ಕೆ ಮುಂಚೆ ಯುವಜನರು ಎರಡು ಕೆಲಸ ಇಟ್ಟುಕೊಂಡಿದ್ದೇವೆ. ಹೊಳೆಗೆ ಹತ್ತಿರದ ಓಣಿಗಳಲ್ಲಿ ಇರುವ ನಮ್ಮ ಕುಟುಂಬಗಳ ಪಟ್ಟಿ ಮಾಡಿ, ವಯಸ್ಸಾದವರು ಮತ್ತು ಹಾಸಿಗೆ ಹಿಡಿದವರು ಯಾರ ಮನೆಯಲ್ಲಿದ್ದಾರೆ, ನೀರು 40 ಅಡಿ ಮುಟ್ಟಿದ ದಿನವೇ ಅವರನ್ನು ಯಾರು ಎಲ್ಲಿಗೆ ಕರೆದೊಯ್ಯಬೇಕು ಎಂದು ಬರೆದಿಡುವುದು ಒಂದು. ಇನ್ನೊಂದು ಸ್ವಲ್ಪ ಖುಷಿಯದು. ಈ ತಿಂಗಳ ಕನ್ನಡ ಬಲಿಪೂಜೆಯ ನಂತರ ಹಿರಿಯರು ಅರ್ಧ ಗಂಟೆ ಉಳಿದುಕೊಳ್ಳಬೇಕು. ಅಜ್ಜ ಅಜ್ಜಿಯಂದಿರು ತಮಗೆ ಗೊತ್ತಿರುವ ಗಾದೆಗಳನ್ನು ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ನಮ್ಮ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದಾರೆ, ಈಗ ಬರೆಯದಿದ್ದರೆ ಆ ಮಾತುಗಳು ಹೋಗಿಬಿಡುತ್ತವೆ. ಒಂದೇ ಶರತ್ತು: ಗಾದೆ ಹೇಳಿದವರು ಅದು ತಮ್ಮ ಬಾಳಿನಲ್ಲಿ ಯಾವಾಗ ಕೈಹಿಡಿಯಿತು, ಯಾವಾಗ ಕೈಕೊಟ್ಟಿತು, ಎರಡನ್ನೂ ಹೇಳಬೇಕು. ಚಹಾ ಮತ್ತು ಭಡಂಗ್ ಯುವಜನರ ಕಡೆಯಿಂದ.